ಒಕ್ಕಲು ಪಡೆಯುವ ದಾರಿಗಳು

ಮಿಷನರಿ ಎಂಬ ಶಬ್ದಕ್ಕೆ ನಮ್ಮಲ್ಲಿ ಎರಡು ಅರ್ಥಗಳಿವೆ. ಮಗುವಿಗೆ ಒಳ್ಳೆಯ ಶಾಲೆ ಹುಡುಕುವಾಗ, ಹೆರಿಗೆಗೆ ನಂಬಿಕೆಯ ಆಸ್ಪತ್ರೆ ಬೇಕಾದಾಗ ಅದು ಮೆಚ್ಚುಗೆಯ ಮಾತು. ಅದೇ ಊರಿನ ಕೂಲಿಕಾರನೊಬ್ಬ ಭಾನುವಾರ ಬೆಳಿಗ್ಗೆ ಪ್ರಾರ್ಥನೆಗೆ ಹೋಗತೊಡಗಿದನೆಂದು ತಿಳಿದ ಕೂಡಲೇ ಅದು ಬೈಗುಳ. ಕ್ರೈಸ್ತ ಸಭೆಗಳೂ ಈ ಎರಡರ್ಥದ ನಡುವೆ ಜಾಗ ಮಾಡಿಕೊಂಡು ಬದುಕುವುದನ್ನು ಕಲಿತಿವೆ. 'ನಾವು ಸೇವೆ ಮಾಡುತ್ತೇವೆ, ಮತಾಂತರ ಮಾಡುವುದಿಲ್ಲ' ಎಂಬುದು ಅವರ ಮಾಮೂಲಿ ಉತ್ತರ. ಈ ಉತ್ತರ ನನಗೆ ಎಂದೂ ಸಮಾಧಾನ ಕೊಟ್ಟಿಲ್ಲ. ಸುವಾರ್ತೆಯನ್ನು ಸಾರುವುದು ಕ್ರೈಸ್ತನಿಗೆ ವಿಧಿಸಿದ ಕರ್ತವ್ಯ; ದಅ್‌ವತ್ ಮುಸಲ್ಮಾನನ ಕರ್ತವ್ಯವಾಗಿರುವಂತೆಯೇ. ಕರ್ತವ್ಯವೆಂದು ನಂಬಿದ್ದನ್ನು ಇಲ್ಲವೆಂದು ಹೇಳಬೇಕಾದ ಸ್ಥಿತಿ ಬಂದರೆ, ಹೇಳುವವನದು ಅರ್ಧ ತಪ್ಪು, ಹೇಳಿಸುವ ಸಮಾಜದ್ದು ಇನ್ನರ್ಧ.

ಕೊಳ್ಳೇಗಾಲ, ಹನೂರು, ಯಳಂದೂರುಗಳ ಸುತ್ತಿನ ಚರ್ಚುಗಳು ಮಿಷನರಿ ಕೆಲಸವನ್ನು ಹೇಗೆ ಮಾಡಬಹುದು, ಮಾಡಬೇಕು ಎಂಬ ಚರ್ಚೆಯಲ್ಲಿ ಹೊರಗಿನವನಾದ ನಾನು ಬಾಯಿ ಹಾಕುವುದಕ್ಕೆ ಕಾರಣವಿದೆ. ಅಲ್ಪಸಂಖ್ಯಾತ ಧರ್ಮವೊಂದು ತನ್ನ ಮಾತನ್ನು ನೆರೆಯವರಿಗೆ ಹೇಳುವ ಹಕ್ಕು ಎಷ್ಟು, ಮರ್ಯಾದೆ ಯಾವುದು ಎಂಬುದು ಅವರೊಬ್ಬರ ಪ್ರಶ್ನೆಯಲ್ಲ.

ಮೊದಲು ಸಾಹಿತ್ಯದಿಂದಲೇ ಶುರುಮಾಡೋಣ, ಏಕೆಂದರೆ ಕನ್ನಡ ಓದುಗನ ಮನಸ್ಸಿನಲ್ಲಿರುವ ಪಾದ್ರಿ ಹೆಚ್ಚಾಗಿ ಕಾದಂಬರಿಗಳಿಂದ ಬಂದವನು. 1933ರ 'ಚೋಮನ ದುಡಿ'ಯಲ್ಲಿ ಪಾದ್ರಿ ಎಂದರೆ ಭೂಮಿಯ ಆಸೆ. ಚೋಮನಿಗೆ ಬೇಕಾದದ್ದು ಸ್ವಂತ ಬೇಸಾಯ. ಹೊಲೆಯನಿಗೆ ಅದು ಕೂಡದೆನ್ನುವ ಊರಿನಲ್ಲಿ, ಮತ ಬಿಟ್ಟರೆ ಸಿಗಬಹುದು ಎಂಬ ಒಂದೇ ಕಿಂಡಿ. ಅವನ ಮಗ ಗುರುವ ಆ ಕಡೆಗೆ ಹೋಗಿಬಿಡುತ್ತಾನೆ. ಚೋಮ ಹೊರಟವನು ದಾರಿಯಲ್ಲಿ ತನ್ನ ಪಂಜುರ್ಲಿಯನ್ನು ನೆನೆದು ಹಿಂದಿರುಗುತ್ತಾನೆ. ಅವನ ಮಗಳ ಬದುಕನ್ನು ಕೆಡಿಸುವ ತೋಟದ ಮನ್ವೇಲನೂ ಕ್ರೈಸ್ತನೇ. 1967ರ 'ಮಲೆಗಳಲ್ಲಿ ಮದುಮಗಳು' ಕಾದಂಬರಿಯ ಪಾದ್ರಿ ಜೀವರತ್ನಯ್ಯ ಬೈಸಿಕಲ್ಲಿನ ಜೊತೆಗೆ ಬರುತ್ತಾನೆ. ಅಲ್ಲಿ ಆಕರ್ಷಣೆ ಆಧುನಿಕತೆಯದು: ಶಾಲೆ, ಉಡುಪು, ಯಂತ್ರ. ಕುವೆಂಪು ಅದಕ್ಕೆ ಎದುರಾಗಿ 1893ರ ವಿವೇಕಾನಂದರನ್ನು ನಿಲ್ಲಿಸುತ್ತಾರೆ.

ಎರಡೂ ದೊಡ್ಡ ಕೃತಿಗಳು. ಆದರೆ ಎರಡರಲ್ಲಿಯೂ ಪಾದ್ರಿ ಏನನ್ನೋ ಕೈಯಲ್ಲಿ ಹಿಡಿದುಕೊಂಡು ಬರುತ್ತಾನೆ, ಎದುರಿನವನು ಅದನ್ನು ನೋಡಿ ಮರುಳಾಗುತ್ತಾನೆ ಅಥವಾ ಮರುಳಾಗದೆ ಉಳಿಯುತ್ತಾನೆ. ಹೋದವನ ಒಳಗಿನ ಮಾತು ನಮಗೆ ಕೇಳುವುದಿಲ್ಲ. ಗುರುವನಿಗೆ ಚರ್ಚಿನೊಳಗೆ ಕೂತಾಗ ಏನನ್ನಿಸಿತು? ಕಾರಂತರು ನಮ್ಮನ್ನು ಚೋಮನ ಜೊತೆ ಗುಡಿಸಲಿಗೆ ಕರೆದುಕೊಂಡು ಬಂದರು, ಗುರುವನ ಜೊತೆ ಕಳಿಸಲಿಲ್ಲ. ನಾ. ಡಿಸೋಜಾ ಅವರು 2025ರ ಜನವರಿಯಲ್ಲಿ ತೀರಿಕೊಳ್ಳುವ ತನಕ ಕ್ರೈಸ್ತ ಕುಟುಂಬಗಳ ಬದುಕನ್ನು ಒಳಗಿನಿಂದ ಬರೆದರು, ಆದರೆ ಅವರ ಜಗತ್ತು ಮಲೆನಾಡಿನದು, ಹಳೆಯ ಕ್ರೈಸ್ತರದು. ಮೈಸೂರು ಸೀಮೆಯ ದಕ್ಷಿಣದ ತುದಿಯ ಒಣಭೂಮಿಯಲ್ಲಿ, ನಿನ್ನೆ ಮೊನ್ನೆ ಪ್ರಾರ್ಥನೆಗೆ ಹೋಗತೊಡಗಿದ ಹೆಂಗಸಿನ ಕಥೆಯನ್ನು ನಾನು ಓದಿಲ್ಲ.

ಈ ಸೀಮೆಯ ವಿಶೇಷವೆಂದರೆ ಇಲ್ಲಿ ಒಕ್ಕಲು ಪಡೆಯುವುದು ಹೊಸ ಸಂಗತಿಯೇ ಅಲ್ಲ. ಒಕ್ಕಲು ಪಡೆಯುವುದು ಎಂಬ ಮಾತೇ ಮಲೆ ಮಹದೇಶ್ವರನ ಕಾವ್ಯದ್ದು. ದೇವರಗುಡ್ಡರು ಕಂಸಾಳೆ ಹಿಡಿದು ರಾತ್ರಿಯಿಡೀ ಹಾಡುವ ಆ ಕಥೆಗಳಲ್ಲಿ ಮಾದಪ್ಪ ಹೊರಗಿನಿಂದ ಬಂದವನು, ಏಳು ಮಲೆಯಲ್ಲಿ ನೆಲೆ ಹುಡುಕಿದವನು, ಮನೆಮನೆಗೂ ಹೋಗಿ ಒಕ್ಕಲುಗಳನ್ನು ಗಳಿಸಿದವನು. ಆಲಂಬಾಡಿಯ ಜುಂಜೇಗೌಡನಂಥ ಸಿರಿವಂತ ಅವನಿಗೆ ಗುಡಿ ಕಟ್ಟಿಸುತ್ತಾನೆ. ಗಂಡನ ಸಂಶಯಕ್ಕೆ ಸಿಕ್ಕಿ ನರಳುವ ಸಂಕಮ್ಮನಿಗೆ ಮಾದಪ್ಪ ಮಕ್ಕಳ ಫಲ ಕೊಟ್ಟು ಕಾಪಾಡುತ್ತಾನೆ. ಭಿಕ್ಷೆ ಇಲ್ಲವೆಂದ ಬೇವಿನಹಟ್ಟಿ ಕಾಳಮ್ಮನ ಮನೆ ಹಾಳಾಗುತ್ತದೆ. ಮಂಟೇಸ್ವಾಮಿಯೂ ಅಷ್ಟೇ. ಕಲ್ಯಾಣದಿಂದ ದಕ್ಷಿಣಕ್ಕೆ ಬಂದು, ಕಮ್ಮಾರರ ಮನೆಯ ಕೆಂಪಾಚಾರಿಯನ್ನು ಶಿಷ್ಯನಾಗಿ ಕೇಳುತ್ತಾನೆ. ಮನೆಯವರು ಒಪ್ಪದಿದ್ದಾಗ ಕಷ್ಟಗಳ ಸರಮಾಲೆ ಬರುತ್ತದೆ. ಕೊನೆಗೆ ಆ ಹುಡುಗನೇ ಸಿದ್ದಪ್ಪಾಜಿಯಾಗಿ ಚಿಕ್ಕಲ್ಲೂರಿನಲ್ಲಿ ನೆಲೆಸುತ್ತಾನೆ. ಇವತ್ತಿಗೂ ಅವನ ಜಾತ್ರೆಗೆ ಎಲ್ಲ ಜಾತಿಯ ಬಡವರೂ ಸೇರುತ್ತಾರೆ. ಯಳಂದೂರಿನ ಮೇಲಿನ ಬಿಳಿಗಿರಿರಂಗನಂತೂ ಇನ್ನೂ ಹತ್ತಿರದ ದಾರಿ ಹಿಡಿದ. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾಗಿ ಅವರ ಮನೆಯ ಭಾವನಾದ.

ಇವೆಲ್ಲ ಮತಾಂತರವಲ್ಲ ಎಂದು ಪಂಡಿತರು ಹೇಳಬಹುದು. ಒಪ್ಪುತ್ತೇನೆ, ಮಾದಪ್ಪನ ಒಕ್ಕಲಾಗಲು ಯಾರೂ ಮನೆದೇವರನ್ನು ಬಿಡಬೇಕಾಗಿರಲಿಲ್ಲ. ವ್ಯತ್ಯಾಸ ಸಣ್ಣದಲ್ಲ, ಮುಂದೆ ಇದಕ್ಕೆ ಬರುತ್ತೇನೆ. ಸದ್ಯಕ್ಕೆ ಹೇಳಬೇಕಾದದ್ದು ಇಷ್ಟೇ: ಹೊರಗಿನವನೊಬ್ಬ ಬಂದು ತನ್ನ ಮಾತು ಹೇಳಿ, ನೊಂದವರಿಗೆ ಆಸರೆಯಾಗಿ, ಅವರನ್ನು ತನ್ನವರನ್ನಾಗಿ ಮಾಡಿಕೊಳ್ಳುವುದು ಈ ನೆಲಕ್ಕೆ ಪರಕೀಯವಲ್ಲ.

ಈಗ ಕಾನೂನಿನ ಮಾತು. ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮ 2021ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆಯಿತು, 2022ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂತು, ಸೆಪ್ಟೆಂಬರಿನಲ್ಲಿ ಪರಿಷತ್ತನ್ನೂ ದಾಟಿತು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ಇದನ್ನು ರದ್ದುಪಡಿಸಲು ತೀರ್ಮಾನಿಸಿತು. ಸಂಪುಟದ ತೀರ್ಮಾನವೇ ರದ್ದತಿಯಲ್ಲ ಎಂಬುದನ್ನು ನಮ್ಮವರು ಮರೆಯಬಾರದು. ಆ ಕಾಯಿದೆಯ ಭಾಷೆಯನ್ನು ಕಥೆಗಾರನ ಕಣ್ಣಿನಿಂದ ಓದಿದರೆ ಬೆರಗಾಗುತ್ತದೆ. 'ಆಮಿಷ' ಎಂಬ ಒಂದು ಶಬ್ದದೊಳಗೆ ಉಡುಗೊರೆ, ಹಣ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ, ಮದುವೆಯ ಮಾತು, ಉತ್ತಮ ಜೀವನಶೈಲಿ, ಕೊನೆಗೆ ದೈವದ ಅವಕೃಪೆ ಎಲ್ಲವೂ ಸೇರಿವೆ. ಒಂದು ಧರ್ಮವನ್ನು ಮತ್ತೊಂದಕ್ಕಿಂತ ಮೇಲೆಂದು ಹೊಗಳುವುದೂ ಸೇರಿದೆ. ದೂರು ಕೊಡಲು ಬಂಧುಗಳೇ ಬೇಕಿಲ್ಲ, ಸಹೋದ್ಯೋಗಿಯೂ ಸಾಕು. ಮತ ಬದಲಿಸುವವನು 30 ದಿನ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು. ತಪ್ಪು ಮಾಡಿಲ್ಲವೆಂದು ಸಾಬೀತುಪಡಿಸುವ ಹೊರೆ ಆರೋಪಿಯ ಮೇಲೆ. ಮತಾಂತರಗೊಂಡವರು ಹೆಂಗಸರೋ, ಪರಿಶಿಷ್ಟ ಜಾತಿ, ಪಂಗಡದವರೋ ಆಗಿದ್ದರೆ ಶಿಕ್ಷೆ 10 ವರ್ಷದವರೆಗೆ.

ಈ ಪಟ್ಟಿಯನ್ನು ಹಿಡಿದುಕೊಂಡು ಏಳು ಮಲೆಯ ಕಥೆಗಳನ್ನು ಇನ್ನೊಮ್ಮೆ ಕೇಳಬೇಕು. ಮಕ್ಕಳ ಫಲ, ಮದುವೆಯ ನಂಟು, ಭಿಕ್ಷೆ ಕೊಡದವಳಿಗೆ ಒದಗಿದ ದೈವದ ಮುನಿಸು! ದೇವರು ಪುಣ್ಯವಂತ, 2022ಕ್ಕಿಂತ ಬಹಳ ಮೊದಲೇ ಬಂದು ನೆಲೆಗೊಂಡ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಹೆಂಗಸರು, ದಲಿತರು, ಆದಿವಾಸಿಗಳು ತಮ್ಮ ದೇವರನ್ನು ತಾವೇ ಆರಿಸಿಕೊಳ್ಳಲಾರದಷ್ಟು ಬುದ್ಧಿ ಕಡಿಮೆಯವರು ಎಂಬ ನಂಬಿಕೆ ಆ ಕಾಯಿದೆಯ ಪ್ರತಿ ಕಲಮಿನ ಹಿಂದೆಯೂ ಇದೆ. 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸಂವಿಧಾನದ 25ನೇ ವಿಧಿಯ ಪ್ರಚಾರದ ಹಕ್ಕು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ಇರಲಿ. ಆದರೆ ಕೇಳಿದವನು ತಾನಾಗಿ ಬದಲಾಗುವ ಹಕ್ಕು ಎಲ್ಲಿ ಹೋಯಿತು? ಎಲ್ಲರೂ ಮತಾಂತರಿಸುವವನ ಬಗ್ಗೆಯೇ ಮಾತಾಡುತ್ತಾರೆ. ಕಾರಂತರ ಗುರುವ ಅಲ್ಲಿಯೂ ಕಾಣೆ, ಇಲ್ಲಿಯೂ ಕಾಣೆ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ದಾರಿಯಲ್ಲಿ ಕಾಮಗೆರೆ ಸಿಗುತ್ತದೆ. ಅಲ್ಲಿನ ಹೋಲಿ ಕ್ರಾಸ್ ಆಸ್ಪತ್ರೆಯನ್ನು ಕನ್ಯಾಸ್ತ್ರೀಯರು ನಡೆಸುತ್ತಾರೆ. ಈ ಭಾಗದಲ್ಲಿ ಅದರ ಹೆಸರು ಕೇಳದವರಿಲ್ಲ. ಹಿಂದೂ, ಮುಸ್ಲಿಂ, ಸೋಲಿಗ, ಲಂಬಾಣಿ ಎನ್ನದೆ ಎಲ್ಲರ ಮನೆಯ ಹೆರಿಗೆಗಳೂ ಅಲ್ಲಿ ಆಗಿವೆ. ಬುರ್ಖಾ ತೊಟ್ಟ ನಮ್ಮ ಹೆಂಗಸರು ಡಾಕ್ಟರು ಕೂಡ ಹೆಂಗಸೇ ಎಂಬ ಧೈರ್ಯದಿಂದ ಅಲ್ಲಿಗೆ ಹೋಗುತ್ತಾರೆ. 2018ರ ಡಿಸೆಂಬರ್ 14ರಂದು ಹನೂರು ತಾಲ್ಲೂಕಿನ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ವಿಷ ಬೆರೆಸಿದ ಪ್ರಸಾದ ತಿಂದು ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾದರು, 17 ಜನ ಸತ್ತರು. ಅವತ್ತು ರಾಮಾಪುರ, ಕಾಮಗೆರೆ, ಕೊಳ್ಳೇಗಾಲ, ಮೈಸೂರು ಎಂದು ಸಿಕ್ಕಿದ ಗಾಡಿಗಳಲ್ಲಿ ಜನರನ್ನು ಸಾಗಿಸಿದರು. ಮಾರಮ್ಮನ ಭಕ್ತರು ಶಿಲುಬೆಯ ಕೆಳಗಿನ ಮಂಚದ ಮೇಲೆ ಮಲಗಿದ್ದಾಗ ಯಾರೂ ಅದನ್ನು ಆಮಿಷ ಎನ್ನಲಿಲ್ಲ. ಗುಡಿಯ ಆಡಳಿತದ ಜಗಳದಲ್ಲಿ ಗುಡಿಯವರೇ ವಿಷವಿಟ್ಟರೆಂಬ ಆರೋಪ ಹೊರಬಿದ್ದಾಗ ಧರ್ಮರಕ್ಷಣೆಯ ಮಾತಾಡುವವರು ಎಷ್ಟು ಮೌನವಾಗಿದ್ದರು ಎಂಬುದನ್ನೂ ನೆನಪಿಟ್ಟುಕೊಳ್ಳಬೇಕು.

ಅದೇ ಸಂಸ್ಥೆಯ ಗ್ರಾಮೀಣ ಆರೋಗ್ಯ ಯೋಜನೆ ಹನೂರಿನಲ್ಲಿ ಹಳ್ಳಿಯ ಹೆಂಗಸರ ಸಂಘಗಳನ್ನು ಕಟ್ಟಿತು. ಮೈಸೂರು ಧರ್ಮಪ್ರಾಂತ್ಯದ ಒಡಿಪಿ ಸಂಸ್ಥೆಯೂ ಇಂಥ ಕೆಲಸ ಮಾಡಿದೆ. ಸಂಘದ ಸಭೆಯಲ್ಲಿ ಉಳಿತಾಯದ ಪುಸ್ತಕ, ರಕ್ತಹೀನತೆ, ಕುಡುಕ ಗಂಡಂದಿರ ಮಾತು ಬರುತ್ತದೆ, ಬೈಬಲ್ಲಿನ ಮಾತು ಬರುವುದಿಲ್ಲ. ಇದರಲ್ಲಿ ಮಿಷನರಿ ಕೆಲಸ ಯಾವುದು, ಸಮಾಜಸೇವೆ ಯಾವುದು ಎಂದು ಗೆರೆ ಹಾಕಲು ಹೋದರೆ ಎರಡೂ ಕೆಡುತ್ತವೆ. ನೆರೆಯ ಶ್ರೀರಂಗಪಟ್ಟಣದ ಸೀಮೆಯಲ್ಲಿ ಇನ್ನೂರು ವರ್ಷಗಳ ಹಿಂದೆ ಕೆಲಸ ಮಾಡಿದ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯ್ ಅವರ ಉದಾಹರಣೆ ನನಗೆ ಬಹಳ ಇಷ್ಟ. ಈ ದೇಶದ ಉಡುಪು, ಊಟ ರೂಢಿಸಿಕೊಂಡು ಮೂರು ದಶಕ ಇಲ್ಲಿ ಬದುಕಿದ ಅವರು 1823ರಲ್ಲಿ ಹಿಂದಿರುಗಿದಾಗ, ಹಿಂದೂಗಳನ್ನು ಕ್ರೈಸ್ತರನ್ನಾಗಿ ಮಾಡುವುದು ಆಗದ ಕೆಲಸವೆಂದು ಪುಸ್ತಕವನ್ನೇ ಪ್ರಕಟಿಸಿದರು. ಇಂಗ್ಲಿಷ್ ಮಿಷನರಿಗಳು ಸಿಟ್ಟಾದರು. ಅದೇ ಮನುಷ್ಯ 1803-04ರಲ್ಲಿ ಮೈಸೂರು ಸಂಸ್ಥಾನದಲ್ಲಿ 25,432 ಜನರಿಗೆ ಸಿಡುಬಿನ ಚುಚ್ಚುಮದ್ದು ಹಾಕಿಸಿದ ದಾಖಲೆ ಇದೆ. ಅವರ ಲೆಕ್ಕದಲ್ಲಿ ಯಾವುದು ಸೋಲು, ಯಾವುದು ಗೆಲುವು?

ಇನ್ನೊಂದು ಕುತೂಹಲದ ಸಂಗತಿ. ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಕಟ್ಟಿದರು. ಆಸ್ಪತ್ರೆ, ಶಾಲೆ, ಸೋಲಿಗರನ್ನು ಕಾಡುವ ಕುಡಗೋಲು ಕಣದ ರಕ್ತಹೀನತೆಯ ತಪಾಸಣೆ. ಕುವೆಂಪು ಕಾದಂಬರಿಯಲ್ಲಿ ಪಾದ್ರಿಗೆ ಎದುರಾಗಿ ನಿಂತ ಹೆಸರೇ ಇಲ್ಲಿ ಪಾದ್ರಿಗಳ ದಾರಿಯಲ್ಲಿ ನಡೆಯಿತು! ಇದು ಕೊಂಕಲ್ಲ. ರೋಗಿಯ ಮಂಚದ ಪಕ್ಕ ಕೂರುವ ಮಿಷನರಿ ಕ್ರಮ ಯಾವ ಧರ್ಮದ ಸ್ವತ್ತಾಗಿಯೂ ಉಳಿಯಲಿಲ್ಲ. 2011ರಲ್ಲಿ ಆ ಕಾಡು ಹುಲಿ ಮೀಸಲು ಪ್ರದೇಶವಾದ ವರ್ಷವೇ 25 ಗ್ರಾಮಸಭೆಗಳ ಸೋಲಿಗರು ಅರಣ್ಯ ಹಕ್ಕು ಕಾಯಿದೆಯಡಿ ಸಮುದಾಯದ ಹಕ್ಕುಪತ್ರ ಪಡೆದರು. ಸೋಲಿಗರ ನಡುವೆ ಕೆಲಸ ಮಾಡಬಯಸುವ ಚರ್ಚು ಮೊದಲು ಓದಬೇಕಾದದ್ದು ಆ ಹೋರಾಟದ ಕಾಗದಗಳನ್ನು. ಜೇನು, ನೆಲ್ಲಿಕಾಯಿಯ ಹಕ್ಕಿನ ಬಗ್ಗೆ ಏನೂ ತಿಳಿಯದೆ ಅವರ ಆತ್ಮದ ಬಗ್ಗೆ ಮಾತಾಡಲು ಹೋಗುವುದು ಉದ್ಧಟತನ.

ಇಲ್ಲಿಂದ ನನ್ನ ತಕರಾರು ಶುರುವಾಗುತ್ತದೆ. ಹಳೆಯ ಸಭೆಗಳ ಹೊರಗೆ ಬಾಡಿಗೆ ಮನೆಗಳಲ್ಲಿ, ತಗಡಿನ ಶೆಡ್ಡುಗಳಲ್ಲಿ ನಡೆಯುವ ಸ್ವತಂತ್ರ ಪ್ರಾರ್ಥನಾ ಮಂದಿರಗಳು ಈಗ ಕರ್ನಾಟಕದ ಸಣ್ಣ ಊರುಗಳಲ್ಲೆಲ್ಲ ಇವೆ. ಅಲ್ಲಿಗೆ ಹೋಗುವವರು ಬಹುತೇಕ ಬಡ ಹೆಂಗಸರು. ಡೋಲು, ಕೀಬೋರ್ಡು, ಗಟ್ಟಿ ಪ್ರಾರ್ಥನೆ, ಅಳು. ಮನೆಯಲ್ಲಿ ಯಾರೂ ಕೇಳದ ಅಳುವನ್ನು ಅಲ್ಲಿ ಕೇಳುವವರಿದ್ದಾರೆ. ಇದನ್ನು ಹೀಯಾಳಿಸುವ ಮೇಲುಜಾತಿಯ ವಿದ್ಯಾವಂತರ ಬಗ್ಗೆ ನನಗೆ ಗೌರವವಿಲ್ಲ. ದರ್ಗಾದ ಜಾಲರಿ ಹಿಡಿದು ಅಳುವ ನಮ್ಮ ಹೆಂಗಸರೂ, ಮಾದಪ್ಪನಿಗೆ ಮುಡಿ ಕೊಡುವವರೂ, ಇವರೂ ಒಂದೇ ನೋವಿನ ಮಕ್ಕಳು. ಆದರೆ ಆ ವೇದಿಕೆಯಿಂದ ಮಾತ್ರೆ ಬಿಡಿ, ಇನ್ಸುಲಿನ್ ಬಿಡಿ, ನಂಬಿಕೆಯೇ ಔಷಧ ಎಂಬ ಮಾತು ಬಂದರೆ ಅದು ಕಾಮಗೆರೆಯ ಸಿಸ್ಟರುಗಳ ಬೆವರಿಗೆ ಮಾಡುವ ದ್ರೋಹ. ಹಾಗೆಯೇ ಮಾರಮ್ಮ ಸೈತಾನ, ಮಾದಪ್ಪ ಭೂತ ಎನ್ನುವ ಬೋಧನೆ. ತನ್ನ ದೇವರು ನಿಜ ಎನ್ನುವ ಹಕ್ಕು ಎಲ್ಲರಿಗೂ ಇದೆ. ತೌಹೀದನ್ನು ನಂಬುವ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅಕ್ಕನ ಮನೆಯ ದೇವರಿಗೆ ಬೈಯುವುದನ್ನು ತಂಗಿಗೆ ಕಲಿಸಿದರೆ, ಮರುದಿನ ಕೇರಿಯ ನಲ್ಲಿಯ ಮುಂದೆ ನಿಲ್ಲಬೇಕಾದವಳು ಆ ತಂಗಿ, ಬೋಧಕನಲ್ಲ. ಅವನು ಸಂಜೆಯ ಬಸ್ಸಿಗೆ ಹೋಗಿರುತ್ತಾನೆ. ಒಕ್ಕಲಾದರೂ ಮನೆದೇವರನ್ನು ಉಳಿಸಿಕೊಳ್ಳಬಹುದಾಗಿದ್ದ ನೆಲದಲ್ಲಿ, ಏಕದೇವೋಪಾಸನೆಯ ಧರ್ಮಗಳು ಬಿಡಬೇಕೆಂದು ಕೇಳುವ ಬೆಲೆ ದೊಡ್ಡದು. ದೊಡ್ಡ ಬೆಲೆ ಕೇಳುವವನು ಕೊಟ್ಟವಳ ಜೊತೆ ಕೊನೆಯ ತನಕ ನಿಲ್ಲಬೇಕು: ಸಂಬಂಧಿಕರ ಸಾವಿನ ಮನೆಯಲ್ಲಿ, ಮಗಳ ಮದುವೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಹೂಳುವ ಜಾಗದ ವಿಷಯದಲ್ಲಿ. ಸ್ಥಳೀಯ ಸಭೆಯ ಮಿಷನರಿ ಕೆಲಸವೆಂದರೆ ಮೊದಲಿಗೆ ಇದು ಎಂದು ನನಗೆ ತೋರುತ್ತದೆ. 2008ರ ಸೆಪ್ಟೆಂಬರಿನಲ್ಲಿ ಮಂಗಳೂರಿನ ಚರ್ಚುಗಳ ಮೇಲೆ ದಾಳಿಯಾದಾಗ ಪೆಟ್ಟು ತಿಂದವರು ಹೊಸ ಪ್ರಾರ್ಥನಾ ಮಂದಿರದವರು ಮಾತ್ರವಲ್ಲ, ಶತಮಾನಗಳ ಕ್ಯಾಥೊಲಿಕರೂ ಸಹ. ಕಲ್ಲು ಎಸೆಯುವವನಿಗೆ ಪಂಗಡಗಳ ವ್ಯತ್ಯಾಸ ಗೊತ್ತಿರಲಿಲ್ಲ. ಹಳೆಯ ಸಭೆಗಳು ಹೊಸಬರನ್ನು ನೋಡಿ 'ಅವರು ನಮ್ಮವರಲ್ಲ' ಎನ್ನುವುದನ್ನು ಅಂದಾದರೂ ನಿಲ್ಲಿಸಬೇಕಿತ್ತು.

ಜಾತಿಯ ವಿಷಯ ಇನ್ನೂ ಇರುಸುಮುರುಸಿನದು. ಮತ ಬದಲಿಸಿದ ದಲಿತ ಚರ್ಚಿನೊಳಗೂ ದಲಿತ ಕ್ರೈಸ್ತನೆಂದೇ ಉಳಿಯುತ್ತಾನೆ. ಬೇರೆ ಸ್ಮಶಾನಗಳ ಕಥೆ ತಮಿಳು ಸೀಮೆಯಿಂದ ಎಷ್ಟೋ ಬಂದಿವೆ. ಸರ್ಕಾರ ಮಾತ್ರ ಅವನು ದಲಿತನಲ್ಲ ಎನ್ನುತ್ತದೆ. 1950ರ ರಾಷ್ಟ್ರಪತಿ ಆದೇಶದಲ್ಲಿ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗಷ್ಟೇ ಇತ್ತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತರೂ ಮುಸಲ್ಮಾನರೂ ಹೊರಗೆ ಉಳಿದರು. 2022ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ಆಮಿಷದಿಂದ ಮತಾಂತರ ಎಂದು ಕೂಗುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಚರ್ಚಿಗೆ ಹೋದ ದಲಿತ ಪಡೆದದ್ದಕ್ಕಿಂತ ಕಾಗದದ ಮೇಲೆ ಕಳೆದುಕೊಂಡದ್ದೇ ಹೆಚ್ಚು. ಆದ್ದರಿಂದಲೇ ಎಷ್ಟೋ ಜನ ಭಾನುವಾರ ಒಂದು ಹೆಸರು, ತಹಶೀಲ್ದಾರರ ಕಚೇರಿಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುತ್ತಾರೆ. ಇದನ್ನು ಮೋಸ ಎನ್ನಲು ನನಗೆ ಬಾಯಿ ಬರುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಕ್ರೈಸ್ತರು ನೂರಕ್ಕೆ ಎರಡಕ್ಕಿಂತಲೂ ಕಡಿಮೆ.

ಭಾಷೆಯ ಮಾತೂ ಇದೆ. ಕೊಳ್ಳೇಗಾಲ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹನೂರು ಭಾಗದ ಮಾರ್ಟಳ್ಳಿಯಂಥ ದೊಡ್ಡ ಕ್ಯಾಥೊಲಿಕ್ ಊರಿನವರ ಮನೆಮಾತು ತಮಿಳು. ವೀರಪ್ಪನ್ ಕಾಲದಲ್ಲಿ ಈ ಊರುಗಳು ಎರಡು ಕಡೆಯಿಂದಲೂ ಪೆಟ್ಟು ತಿಂದವು. 1992ರ ಆಗಸ್ಟಿನಲ್ಲಿ ಮಿಣ್ಯದ ಬಳಿ ಎಸ್‌.ಪಿ. ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ವೀರಪ್ಪನ್ ಗುಂಡಿಗೆ ಬಲಿಯಾದರು. ಆಮೇಲೆ ಟಾಡಾ, ವಿಶೇಷ ಪಡೆಯ ಶಿಬಿರಗಳು, ವರ್ಷಗಟ್ಟಲೆ ಜೈಲು. ಸದಾಶಿವ ಸಮಿತಿಯ ವಿಚಾರಣೆಯ ನಂತರ 2007ರಲ್ಲಿ ಮಾನವ ಹಕ್ಕು ಆಯೋಗ 89 ಜನರಿಗೆ 2.80 ಕೋಟಿ ರೂಪಾಯಿ ಪರಿಹಾರಕ್ಕೆ ಸೂಚಿಸಿತು. ಅಂಥ ಗಾಯಗಳಿರುವ ಕಡೆ ತಮಿಳಿನಲ್ಲಿ ಪ್ರಾರ್ಥಿಸಬೇಡಿ ಎಂದು ಯಾರೂ ಹೇಳಲಾರರು. ಆದರೆ ಕನ್ನಡ ಮಾತಾಡುವ ಹೊಲಗೇರಿಗೆ, ಸೋಲಿಗರ ಪೋಡಿಗೆ ಹೋಗುವ ಸಭೆ ಅಲ್ಲಿನ ಕನ್ನಡವನ್ನೇ ಮಾತಾಡಬೇಕು. ಪಠ್ಯಪುಸ್ತಕದ ಕನ್ನಡವೂ ಅಲ್ಲ, 1831ರಲ್ಲಿ ಪೂರ್ತಿಯಾದ ಬೈಬಲ್ಲಿನ ಕನ್ನಡವೂ ಅಲ್ಲ. ಮೋಗ್ಲಿಂಗ್ 1843ರಲ್ಲಿ 'ಮಂಗಳೂರ ಸಮಾಚಾರ' ತಂದದ್ದು, ಕಿಟ್ಟೆಲ್ 1894ರಲ್ಲಿ ನಿಘಂಟು ಮುಗಿಸಿದ್ದು ಜನರ ಮಾತನ್ನು ಕಿವಿಗೊಟ್ಟು ಕೇಳಿದ್ದರಿಂದ. ಅವರ ವಾರಸುದಾರರ ಹಾಡುಗಳಲ್ಲಿ ಈಗ ಹೆಚ್ಚಾಗಿ ಸಿನಿಮಾ ಧಾಟಿ ಕೇಳುತ್ತದೆ. ಕಂಸಾಳೆಯ, ತಂಬೂರಿಯ ನಾಡಿನಲ್ಲಿ ಯೇಸುವಿನ ಕಥೆಗೆ ಒಬ್ಬ ನೀಲಗಾರ ಸಿಕ್ಕಲಿಲ್ಲವೇ?

ಹಣದ ಬಗ್ಗೆ ಎರಡೇ ಮಾತು. 2020ರ ತಿದ್ದುಪಡಿಯ ನಂತರ ವಿದೇಶಿ ದೇಣಿಗೆ ಪಡೆದ ಸಂಸ್ಥೆ ಅದನ್ನು ಮತ್ತೊಂದು ಸಂಸ್ಥೆಗೆ ಕೊಡುವಂತಿಲ್ಲ. ಸಣ್ಣ ಸಂಸ್ಥೆಗಳ ಕೈ ಕಟ್ಟಿದಂತಾಗಿದೆ. ಕಾನೂನಿನ ಉದ್ದೇಶ ಒಳ್ಳೆಯದಲ್ಲ. ಆದರೂ ಊರಿನ ಸಭೆ ಊರಿನವರ ಕಾಣಿಕೆಯಲ್ಲಿಯೇ ನಡೆದರೆ 'ಡಾಲರ್ ಮತಾಂತರ' ಎಂಬ ಬೈಗುಳಕ್ಕೆ ಬುಡವೇ ಇರುವುದಿಲ್ಲ.

ಇಷ್ಟೆಲ್ಲ ಅವರಿಗೆ ಹೇಳಿದ ಮೇಲೆ ನಮ್ಮ ಕಡೆ ನೋಡದಿದ್ದರೆ ಅದು ನ್ಯಾಯವಲ್ಲ. ಧರ್ಮದ ವಿಷಯದಲ್ಲಿ ಬಲವಂತ ಸಲ್ಲದೆಂಬುದು ಕುರ್‌ಆನಿನ ನಿಲುವು ಎಂದು ನಾವು ವೇದಿಕೆಯಲ್ಲಿ ಹೇಳುತ್ತೇವೆ. ನಮ್ಮ ಹುಡುಗಿಯೊಬ್ಬಳು ಬೇರೆ ದಾರಿ ಹಿಡಿದರೆ ಅವಳ ಮನೆಯಲ್ಲಿ ಏನಾಗುತ್ತದೆ ಎಂಬುದು ನಮಗೆಲ್ಲ ಗೊತ್ತು. ಕಾಯಿದೆಯನ್ನು ವಿರೋಧಿಸುವಾಗ ನಾವು ಕೇಳುವ ಸ್ವಾತಂತ್ರ್ಯ ಒಳಗೆ ಬರುವವರಿಗೆ ಮಾತ್ರವೋ, ಹೊರಗೆ ಹೋಗುವವರಿಗೂ ಉಂಟೋ? ತಬ್ಲೀಗಿನವರು ಮುಸಲ್ಮಾನರ ಬಾಗಿಲನ್ನಷ್ಟೇ ತಟ್ಟುತ್ತಾರೆ. ನೆರೆಯವರಿಗೆ ಇಸ್ಲಾಮನ್ನು ತಿಳಿಸುವ ಕನ್ನಡ ಪುಸ್ತಕಗಳು ಬಂದಿವೆ, ಕುರ್‌ಆನಿನ ಕನ್ನಡ ಅನುವಾದಗಳೂ ಇವೆ; ಆದರೆ ಈ ಸೀಮೆಯ ಬಹಳಷ್ಟು ಮಸೀದಿಗಳಲ್ಲಿ ಶುಕ್ರವಾರದ ಬಯಾನ್ ಈಗಲೂ ಉರ್ದುವಿನಲ್ಲೇ. ಉರ್ದು ಶಾಲೆಯಲ್ಲಿ ಓದಿದ ನನಗೆ ಅದು ತಾಯಿಯ ದನಿ. ಕನ್ನಡ ಶಾಲೆಯಲ್ಲಿ ಓದುತ್ತಿರುವ ನಮ್ಮ ಮಕ್ಕಳಿಗೆ ಅದು ಅರ್ಧ ಅರ್ಥವಾಗುವ ಗುನುಗು. ಮಾರ್ಟಳ್ಳಿಯ ತಮಿಳಿನ ಬಗ್ಗೆ ನಾನು ಮೇಲೆ ಆಡಿದ ಮಾತು ಇಲ್ಲಿಗೂ ಅನ್ವಯಿಸುತ್ತದೆ.

ಇನ್ನು ಸೇವೆ. ಜಕಾತ್ ಪ್ರತಿ ರಮಝಾನಿನಲ್ಲಿ ಪ್ರತಿ ಊರಿನಲ್ಲೂ ಹೊರಡುತ್ತದೆ. ಬಿಡಿಬಿಡಿಯಾಗಿ, ಬಾಗಿಲಿಗೆ ಬಂದವರ ಕೈಗೆ. ರೇಷ್ಮೆ ಗೂಡಿನ ವ್ಯಾಪಾರದಲ್ಲಿ, ನೂಲು ಬಿಚ್ಚುವ ಬಿಸಿನೀರಿನಲ್ಲಿ ಬೆರಳು ಬೇಯಿಸಿಕೊಂಡು ದುಡಿದವರ ಹಣ ಅದು. ಕೊಳ್ಳೇಗಾಲದಿಂದ ಮಹದೇಶ್ವರ ಬೆಟ್ಟದವರೆಗಿನ ದಾರಿಯಲ್ಲಿ ಆ ಹಣದಿಂದ ಎದ್ದು ನಿಂತ, ಮಾರಮ್ಮನ ಭಕ್ತೆಯೂ ಮಾರ್ಟಳ್ಳಿಯ ಮರಿಯಮ್ಮನೂ ಹೆರಿಗೆಗೆಂದು ಬಂದು ಮಲಗುವ ಒಂದು ಮಂಚ ನನಗೆ ಕಂಡಿಲ್ಲ.